ತಲೆಕೆಳಗಾದ ಗೋಪುರ

ಹಂಪೆಗೆ ಕ್ಯಾಮೆರಾ ಹೊತ್ತು ಬರುವವನಿಗೆ ಮೊದಲ ಪಾಠ ದೊರೆಯುವುದು, ವಿಚಿತ್ರವೆಂದರೆ, ಕ್ಯಾಮೆರಾಕ್ಕೆ ಹೆಚ್ಚು ಕೆಲಸವಿಲ್ಲದ ಒಂದು ಮೂಲೆಯಲ್ಲಿ. ವಿರೂಪಾಕ್ಷನ ದರ್ಶನ ಮುಗಿಸಿ, ಗರ್ಭಗುಡಿಯ ಹಿಂಬದಿಗೆ ಸುತ್ತಿ ಬಂದು, ಮೆಟ್ಟಿಲೇರಿದರೆ ಒಂದು ಕತ್ತಲೆಯ ಕೋಣೆ ಸಿಕ್ಕುತ್ತದೆ. ಹೊರಗಿನ ಉರಿಬಿಸಿಲಿನಿಂದ ಒಳಹೊಕ್ಕವನಿಗೆ ಅಲ್ಲಿ ಗೋಡೆಯೂ ಕಾಣದು, ಪಕ್ಕದಲ್ಲಿ ನಿಂತವರೂ ಕಾಣರು. ‘ಇಲ್ಲೇನಿದೆ?’ ಎಂದು ತಿರುಗಿ ನಡೆಯುವವರು ಎಷ್ಟೋ ಮಂದಿ. ಎರಡು ನಿಮಿಷ ಸುಮ್ಮನೆ ನಿಂತವನಿಗೆ ಮಾತ್ರ ಗೋಡೆಯ ಮೇಲೆ ಒಂದು ಆಕೃತಿ ಮೆಲ್ಲಮೆಲ್ಲನೆ ಮೂಡತೊಡಗುತ್ತದೆ. ಹೊರಗೆ ಆಕಾಶಕ್ಕೆ ತಲೆಯೆತ್ತಿ ನಿಂತಿರುವ ರಾಯಗೋಪುರವೇ ಅದು. ಆದರೆ ಶಿಖರ ಕೆಳಗೆ, ಬುಡ ಮೇಲೆ!

ಜನ ಇದನ್ನು ಗೋಪುರದ ನೆರಳು ಎನ್ನುತ್ತಾರೆ. ನಿಜಕ್ಕೆ ಇದು ನೆರಳಲ್ಲ, ಬೆಳಕು ಬರೆದ ಚಿತ್ರ. ಎದುರಿನ ಗೋಡೆಯ ಸಣ್ಣ ಕಿಂಡಿಯಲ್ಲಿ ಬೆಳಕಿನ ಕಿರಣಗಳು ಒಂದನ್ನೊಂದು ಹಾಯ್ದು, ಮೇಲಿನದು ಕೆಳಗೂ ಕೆಳಗಿನದು ಮೇಲೂ ಬಂದು ಬೀಳುತ್ತವೆ. ಎಲ್ಲ ಕ್ಯಾಮೆರಾಗಳ ಒಳಗೂ ನಡೆಯುವ ವ್ಯಾಪಾರ ಇಷ್ಟೇ. ಯಾರಾದರೂ ಕಿಂಡಿಗೆ ಅಡ್ಡ ನಿಂತರೆ ಗೋಪುರ ಮಾಯ, ಸರಿದರೆ ಪ್ರತ್ಯಕ್ಷ. ಮೊಬೈಲ್ ಫೋನಿನ ದೀಪ ಹೊತ್ತಿಸಿ ಚಿತ್ರ ತೆಗೆಯಲು ಹೋದ ಉತ್ಸಾಹಿಗೆ ಬರಿಯ ಗೋಡೆ ಸಿಕ್ಕುತ್ತದೆ. ತಾನು ತಂದ ಬೆಳಕಿನಲ್ಲಿ ಅಲ್ಲಿರುವ ಬೆಳಕನ್ನು ಮುಳುಗಿಸಿದುದು ಅವನಿಗೆ ತಿಳಿಯುವ ಹೊತ್ತಿಗೆ ಹಿಂದಿನವರು ಅವಸರಪಡಿಸುತ್ತಿರುತ್ತಾರೆ.

ಹಂಪೆಯ ಬಯಲಿಗೆ ಬಂದರೆ ಪಾಠ ಇನ್ನೂ ಕಠಿನ. ಇಲ್ಲಿ ಬೆಳಕಿಗೆ ಕೊರತೆಯಿಲ್ಲ, ಇರುವುದು ಅತಿರೇಕ. ನಡುಹಗಲಿನ ಸೂರ್ಯ ಹೆಬ್ಬಂಡೆಗಳ ಮೇಲೆ ನೆಟ್ಟಗೆ ಸುರಿಯುವಾಗ ಕಲ್ಲೆಲ್ಲ ಒಂದೇ ಬಣ್ಣದ ರಾಶಿ. ಹಜಾರರಾಮನ ಗುಡಿಯ ಹೊರಪ್ರಾಕಾರದ ಮೇಲೆ ಆನೆ, ಕುದುರೆ, ಕಾಲಾಳು, ನರ್ತಕಿಯರ ಸಾಲುಗಳು ಒಂದರ ಮೇಲೊಂದು ಮೆರವಣಿಗೆ ಹೊರಟಿವೆಯಷ್ಟೆ. ಉಬ್ಬು ತೀರ ಕಡಿಮೆಯಾದ ಈ ಕೆತ್ತನೆ ಓರೆಯಾಗಿ ಸವರಿ ಹೋಗುವ ಬೆಳಕಿನಲ್ಲಿ ಮಾತ್ರ ಜೀವ ತಳೆಯುತ್ತದೆ. ಆನೆಯ ಲಾಯ ಪಡುವಣಕ್ಕೆ ಮುಖ ಮಾಡಿದೆ. ಬೆಳಗ್ಗೆಯೇ ಓಡಿ ಬಂದವನಿಗೆ ಅದರ ಹನ್ನೊಂದು ಕೋಣೆಗಳೂ ತಮ್ಮದೇ ನೆರಳಿನಲ್ಲಿ ಮಂಕಾಗಿ ಕಾಣುತ್ತವೆ. ಅವನು ಎಷ್ಟು ಬೆಲೆಯ ಯಂತ್ರ ತಂದಿದ್ದರೂ ಸಂಜೆಯವರೆಗೆ ಕಾಯಲೇಬೇಕು. ಇಲ್ಲವೆ ಬರಿಗೈಯಲ್ಲಿ ಹೊಸಪೇಟೆಯ ಬಸ್ಸು ಹತ್ತಬೇಕು. ಸೂರ್ಯನ ಹತ್ತಿರ ಯಾವ ಶಿಫಾರಸೂ ನಡೆಯದು.

ಈ ಕಾಯುವಿಕೆಯನ್ನು ಹಂಪೆಯಲ್ಲಿ ಮೊದಲು ಅಭ್ಯಾಸ ಮಾಡಿದವರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬವನೊಬ್ಬ. ಮದ್ರಾಸ್ ಸೇನೆಯ ಅಧಿಕಾರಿಯಾಗಿದ್ದ ಈತ 1856ರಲ್ಲಿ ಇಲ್ಲಿನ ಗುಡಿ ಗೋಪುರಗಳ ಚಿತ್ರಗಳನ್ನು ತೆಗೆದ. ಆಗ ಫಿಲ್ಮು ಇರಲಿಲ್ಲ. ಒಳ್ಳೆಯ ಕಾಗದಕ್ಕೆ ಮೇಣವನ್ನು ಊಡಿಸಿ, ಬೆಳ್ಳಿಯ ಲವಣಗಳಿಂದ ಅದನ್ನು ಬೆಳಕಿಗೆ ಮಿಡಿಯುವಂತೆ ಮಾಡಿ, ಮರದ ದೊಡ್ಡ ಪೆಟ್ಟಿಗೆಯಲ್ಲಿಟ್ಟು, ಹಲವಾರು ನಿಮಿಷಗಳ ಕಾಲ ಬೆಳಕಿಗೆ ಒಡ್ಡಬೇಕು. ಆಮೇಲೆ ಗಂಟೆಗಟ್ಟಲೆ ರಾಸಾಯನಿಕದಲ್ಲಿ ನೆನೆಹಾಕಬೇಕು. ಕಾಗದವೋ ಬಲು ದೊಡ್ಡದು. ಒಂದೊಂದು ಹಾಳೆಗೂ ಅಷ್ಟು ಶ್ರಮ. ಆದುದರಿಂದ ಎಲ್ಲಿ ನಿಲ್ಲಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಪೆಟ್ಟಿಗೆಯ ಮುಚ್ಚಳ ತೆರೆಯುವ ಮೊದಲೇ ಇತ್ಯರ್ಥ ಮಾಡಬೇಕಾಗಿತ್ತು. ಒಂದು ಗಂಟೆಯಲ್ಲಿ ಮುನ್ನೂರು ಚಿತ್ರ ತೆಗೆದು, ಮನೆಗೆ ಹೋಗಿ ಒಂದನ್ನೂ ಮತ್ತೆ ನೋಡದ ಇಂದಿನ ಪ್ರವಾಸಿಗೆ ಈ ಸಂಗತಿ ಪುರಾಣದಂತೆ ಕೇಳಿಸೀತು.

ಗ್ರೀನ್‌ಲಾನ ಚಿತ್ರಗಳಲ್ಲಿ ವಿಠಲ ದೇವಾಲಯದ ಕಲ್ಲಿನ ರಥವೂ ಒಂದು. ಈ ರಥವನ್ನು ಕಾಣದ ಭಾರತೀಯನಿಲ್ಲ. 2017ರಲ್ಲಿ ಬಂದ ಹೊಸ ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ಅದು ಮನೆಮನೆಗೂ ಹೋಗಿದೆ. ಆದರೆ 1856ರ ಚಿತ್ರವನ್ನು ನೋಟಿನ ಪಕ್ಕದಲ್ಲಿಟ್ಟು ನೋಡಿದವನು ಬೆಚ್ಚುತ್ತಾನೆ: ಹಳೆಯ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆ ಗಾರೆಯ ಶಿಖರವೊಂದು ಎದ್ದು ನಿಂತಿದೆ. ಮುಂದೆ ಅದನ್ನು ತೆಗೆದುಹಾಕಲಾಯಿತು. ನಾವು ಪೂರ್ಣವೆಂದು ಮೆಚ್ಚುವ ಆ ಚಪ್ಪಟೆ ನೆತ್ತಿಯ ಚೆಲುವು ತಲೆ ಕಳೆದುಕೊಂಡ ಮೇಲಿನ ಚೆಲುವು! ಗ್ರೀನ್‌ಲಾನಿಗೆ ಶಿಖರ ಹೋಗುತ್ತದೆಂದು ಗೊತ್ತಿರಲಾರದು. ಕಣ್ಣ ಮುಂದಿದ್ದುದನ್ನು ಇದ್ದಂತೆ ಹಿಡಿದ, ಅಷ್ಟೆ.

ಬಹುಕಾಲ ಹೆಚ್ಚಿನವರ ಕಣ್ಣಿಗೆ ಬೀಳದೆ ಉಳಿದಿದ್ದ ಆ ಚಿತ್ರಗಳನ್ನು ಹಿಡಿದುಕೊಂಡು ಜಾನ್ ಗೋಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕ 1983ರಲ್ಲಿ ಹಂಪೆಯಲ್ಲಿ ಸುತ್ತಿದ. ಗ್ರೀನ್‌ಲಾ ನಿಂತಲ್ಲಿಯೇ ನಿಂತು ಅದೇ ನೋಟಗಳನ್ನು ಮತ್ತೆ ತೆಗೆಯುವುದು ಅವನ ಸಂಕಲ್ಪ. ಕೇಳಲು ಸುಲಭ. ಆದರೆ ಒಂದಡಿ ಎಡಕ್ಕೆ ಸರಿದರೂ ಮುಂದಿನ ಕಂಬ ಹಿಂದಿನ ಬಂಡೆಯನ್ನು ಮುಚ್ಚುತ್ತದೆ; ಒಂದಡಿ ತಗ್ಗಿದರೆ ದೂರದ ಗುಡ್ಡ ಗೋಡೆಯ ಹಿಂದೆ ಇಳಿಯುತ್ತದೆ. ಹತ್ತಿರದ ವಸ್ತುವಿಗೂ ದೂರದ ವಸ್ತುವಿಗೂ ಇರುವ ಸಂಬಂಧವನ್ನು ನೋಡುತ್ತ ನೋಡುತ್ತ, ಹೆಜ್ಜೆಯಿಟ್ಟು ಹೆಜ್ಜೆ ತೆಗೆದು, ಸತ್ತು ನೂರು ವರ್ಷ ಕಳೆದವನ ಕಾಲಿನ ಜಾಗವನ್ನು ಹುಡುಕಬೇಕು. ಕಲಾವಿದನೆನಿಸಿಕೊಂಡವನಿಗೆ ತನ್ನ ದೃಷ್ಟಿಯನ್ನು ಬದಿಗಿಟ್ಟು ಇನ್ನೊಬ್ಬನ ದೃಷ್ಟಿಗೆ ತಲೆಬಾಗುವುದು ಸಣ್ಣ ವ್ರತವಲ್ಲ. ಒಂದು ವಿನೋದವೂ ಉಂಟು. ಅರಮನೆಯ ಆವರಣದ ಕಪ್ಪುಕಲ್ಲಿನ ಮೆಟ್ಟಿಲುಗೊಳವನ್ನು ಇಂದು ಎಲ್ಲರೂ ಚಿತ್ರ ತೆಗೆಯುತ್ತಾರಲ್ಲವೆ? ಗ್ರೀನ್‌ಲಾನ ಕಾಲದಲ್ಲಿ ಅದು ಮಣ್ಣಿನಡಿಯಲ್ಲಿತ್ತು. ಬೆಳಕು ಕಂಡದ್ದು 1980ರ ದಶಕದ ಉತ್ಖನನದಲ್ಲಿ.

ಹಳೆಯ ಆ ಕಾಗದದ ಚಿತ್ರಗಳಲ್ಲಿ ಇನ್ನೊಂದು ವಿಶೇಷವಿದೆ. ಅವುಗಳಲ್ಲಿ ನಿರ್ಜನತೆ ತಾಂಡವವಾಡುತ್ತದೆ. ‘ಹಾಳು ಹಂಪೆ’ ಎಂಬ ಮಾತಿಗೆ ಅವು ಸಾಕ್ಷಿಯೆಂದೇ ತೋರುತ್ತದೆ. ಆದರೆ ಹಲವು ನಿಮಿಷ ತೆರೆದಿಟ್ಟ ಕ್ಯಾಮೆರಾದ ಮುಂದೆ ದನ ಹೊಡೆದುಕೊಂಡು ಹೋದವನ, ಕೊಡ ಹೊತ್ತು ಹೋದವಳ ಗುರುತು ಕಾಗದದ ಮೇಲೆ ನಿಲ್ಲುವುದೇ ಇಲ್ಲ. ಅಲುಗದೆ ನಿಂತವರಿಗೆ ಮಾತ್ರ ಅಲ್ಲಿ ಅಸ್ತಿತ್ವ. ಚಿತ್ರದಲ್ಲಿ ಜನವಿಲ್ಲವೆಂದ ಮಾತ್ರಕ್ಕೆ ಊರಿನಲ್ಲಿ ಜನವಿರಲಿಲ್ಲವೆಂದು ಹೇಳುವಂತಿಲ್ಲ.

ಯಂತ್ರದ ಮಿತಿಯಿಂದ ಅಂದು ಆದುದನ್ನು ಮುಂದಿನವರು ಬೇಕೆಂದೇ ಮಾಡಿದರು. ವಿರೂಪಾಕ್ಷನ ಗುಡಿಯ ಮುಂದೆ ಮೂಡಣಕ್ಕೆ ಬಸವಣ್ಣನವರೆಗೆ ಚಾಚಿದ ತೇರುಬೀದಿಯ ಇಕ್ಕೆಲಗಳ ಕಲ್ಲುಮಂಟಪಗಳಲ್ಲಿ ಜನ ಸಂಸಾರ ಹೂಡಿದ್ದರು. ಕಂಬಗಳ ನಡುವೆ ಗೋಡೆಯೆತ್ತಿ ಮನೆ, ಅಂಗಡಿ, ಊಟದ ಹೋಟೆಲು ಮಾಡಿಕೊಂಡಿದ್ದರು. ಚಿತ್ರ ತೆಗೆಯುವವರಿಗೆ ಇದು ದೊಡ್ಡ ತಲೆನೋವು. ಒಗೆದು ಹಾಕಿದ ಸೀರೆ ಕಾಣದಂತೆ ಕೋನ ಬದಲಾಯಿಸುವರು. ಸೈಕಲ್ಲು ದಾಟಿಹೋಗಲೆಂದು ಕಾಯುವರು. ಬುಟ್ಟಿ ಮುಂದಿಟ್ಟು ಕುಳಿತ ಹೂವಿನಾಕೆಗೆ, “ಒಂಚೂರು ಆ ಕಡೆ ಸರಿಯಮ್ಮ” ಎನ್ನುವರು. “ದಿನಾ ಎಷ್ಟು ಸಲ ಸರೀಲೆಪ್ಪಾ, ಆ ಕಡೆ ಬಿಸಿಲಿಗೆ ಹೂವು ಬಾಡ್ತಾವ” ಎಂದು ಗೊಣಗಿಕೊಂಡೇ ಬುಟ್ಟಿ ಎತ್ತುವ ಅಂಥ ಹೆಂಗಸರ ತಾಳ್ಮೆಯ ಮೇಲೆ ಹಂಪೆಯ ಎಷ್ಟೋ ಕ್ಯಾಲೆಂಡರು ಚಿತ್ರಗಳು ನಿಂತಿವೆ.

2011ರ ಜುಲೈ ತಿಂಗಳಲ್ಲಿ ಆ ಮನೆಗಳೂ ಅಂಗಡಿಗಳೂ ತೆರವಾದವು. ಯಂತ್ರಗಳು ಬಂದುವು, ನೂರಾರು ಕುಟುಂಬಗಳು ಸಾಮಾನು ಕಟ್ಟಿದುವು. ಪುರಾತನ ಮಂಟಪಗಳು ಉಳಿಯಬೇಕೆಂಬ ವಾದದಲ್ಲಿ ಹುರುಳಿಲ್ಲವೆಂದು ಯಾರು ಹೇಳಿಯಾರು? ಆದರೆ ಆ ಬೀದಿ ಕಟ್ಟಿಸಿದ್ದು ವ್ಯಾಪಾರಕ್ಕಾಗಿ, ತೇರಿಗಾಗಿ, ಜನರಿಗಾಗಿ. ಜನವಿಲ್ಲದ ಸಂತೆಬೀದಿಯನ್ನು ಕಾಪಾಡಿದಂತಾಯಿತೇ ಎಂಬ ಪ್ರಶ್ನೆಯೂ ಹುರುಳಿಲ್ಲದ್ದಲ್ಲ. ಈಗ ಛಾಯಾಗ್ರಾಹಕ ಬೆಳಗಿನ ಮೊದಲ ಬಿಸಿಲಿನಲ್ಲಿ ಅಲ್ಲಿ ನಿಂತರೆ ಯಾರನ್ನೂ ಸರಿಯೆನ್ನಬೇಕಾಗಿಲ್ಲ. ಕಂಬಗಳ ಸಾಲು ಗೋಪುರದವರೆಗೂ ನಿರ್ವಿಘ್ನವಾಗಿ ಹರಿದುಹೋಗುತ್ತದೆ. ಅಷ್ಟು ದಿನ ಎಲ್ಲರೂ ಬಯಸಿದ ಚಿತ್ರ ಇದೇ.

ಹಾಗೆಂದು ಆ ಸಂಸಾರಗಳ ಗುರುತು ಪೂರ್ತಿ ಅಳಿಸಿಹೋಗಿಲ್ಲ. ಅವು ಸಿಕ್ಕುವುದು ನುರಿತವರ ಚಿತ್ರಗಳಲ್ಲಿ ಕಡಿಮೆ. ಶಾಲೆಯ ಪ್ರವಾಸಕ್ಕೆ ಬಂದವರ, ಮದುವೆಯಾದ ಹೊಸತರಲ್ಲಿ ಬಂದವರ ಆಲ್ಬಮ್ಮುಗಳಲ್ಲಿ ಹೆಚ್ಚು. ನಡುವೆ ಗೋಪುರ ತುಸು ವಾಲಿಕೊಂಡಿದೆ. ಅದರ ಮುಂದೆ ಬಂದವರು ಸಾಲಾಗಿ ನಿಂತು ಕಣ್ಣು ಕಿರಿದು ಮಾಡಿದ್ದಾರೆ. ಬದಿಯಲ್ಲಿ, ತೆಗೆದವನ ಗಮನಕ್ಕೇ ಬಾರದೆ ಒಳಸೇರಿದ ಒಂದು ಹೊಸ್ತಿಲು, ಅದರ ಮುಂದೆ ರಂಗೋಲಿ, ಬೋರಲು ಹಾಕಿದ ಎರಡು ಕೊಡ, ಚಿತ್ರದ ಅಂಚಿಗೆ ಅರ್ಧ ಕತ್ತರಿಸಿಹೋದ ಒಬ್ಬ ಹುಡುಗ. ಅವನ ಕೈಯಲ್ಲಿ ಚಹದ ಗ್ಲಾಸುಗಳಿವೆ. ಕ್ಯಾಮೆರಾದ ಕಡೆ ಅವನು ನೋಡುತ್ತಿಲ್ಲ.