ಬಾಯ್ಕಾಟ್ ಹುಟ್ಟಿದ ಹಳ್ಳಿಗಾಡು

ಐರ್ಲೆಂಡಿನ ಪಶ್ಚಿಮಕ್ಕೆ ಮೇಯೋ ಎಂಬ ಕೌಂಟಿ. ಅಲ್ಲಿನ ಬ್ಯಾಲಿನ್‌ರೋಬ್ ಪಟ್ಟಣದಿಂದ ಕೆಲವೇ ಮೈಲಿ ದೂರದಲ್ಲಿ, ಮಾಸ್ಕ್ ಸರೋವರದ ಬಳಿ ಹಳೆಯ ಬಂಗಲೆಯೊಂದು ಇಂದಿಗೂ ನಿಂತಿದೆ. ಸುತ್ತ ಹುಲ್ಲುಗಾವಲು, ಕಲ್ಲು ಪೇರಿಸಿ ಕಟ್ಟಿದ ಗಿಡ್ಡ ಗೋಡೆಗಳು, ಆಗಾಗ ಸುರಿಯುವ ಮಳೆ. ನೋಡುವವರಿಗೆ ಇದೊಂದು ಸಾಮಾನ್ಯ ಹಳ್ಳಿಗಾಡು. ಆದರೆ ದಿನಪತ್ರಿಕೆ ಓದುವವರೆಲ್ಲ ಬಲ್ಲ ಇಂಗ್ಲಿಷ್ ಕ್ರಿಯಾಪದವೊಂದು ಹುಟ್ಟಿದ್ದು ಇಲ್ಲಿಯೇ. ಅದು 'ಬಾಯ್ಕಾಟ್'.

ಬಾಯ್ಕಾಟ್ ಎಂಬುದು ಒಬ್ಬ ಮನುಷ್ಯನ ಹೆಸರು. ಇಂಗ್ಲೆಂಡಿನವನಾದ ಚಾರ್ಲ್ಸ್ ಕನಿಂಗ್‌ಹ್ಯಾಮ್ ಬಾಯ್ಕಾಟ್ ಈ ಬಂಗಲೆಯಲ್ಲಿದ್ದುಕೊಂಡು ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಪರವಾಗಿ ಗೇಣಿ ವಸೂಲಿ ಮಾಡುತ್ತಿದ್ದ. 1879ರಲ್ಲಿ ಬೆಳೆ ಕೈಕೊಟ್ಟಿತು. ಮರುವರ್ಷ ಒಕ್ಕಲುಗಳು ಗೇಣಿಯನ್ನು ಶೇ 25ರಷ್ಟು ಇಳಿಸುವಂತೆ ಕೇಳಿದರು. ಜಮೀನ್ದಾರ ಶೇ 10ಕ್ಕಿಂತ ಹೆಚ್ಚು ಬಿಡಲು ಒಪ್ಪಲಿಲ್ಲ. ಬಾಯ್ಕಾಟ್ ಒಕ್ಕಲೆಬ್ಬಿಸುವ ನೋಟಿಸುಗಳನ್ನು ಹೊರಡಿಸಿದ.

ಅದೇ ಸೆಪ್ಟೆಂಬರಿನಲ್ಲಿ ಎನ್ನಿಸ್ ಪಟ್ಟಣದ ಸಭೆಯೊಂದರಲ್ಲಿ ನಾಯಕ ಪಾರ್ನೆಲ್ ಒಂದು ಸಲಹೆ ಕೊಟ್ಟಿದ್ದರು. ಒಕ್ಕಲೆಬ್ಬಿಸಿದ ರೈತನ ಜಮೀನನ್ನು ಹಿಡಿಯುವವನ ಮೇಲೆ ಕೈಮಾಡುವುದು ಬೇಡ, ಅವನೊಡನೆ ಮಾತುಕತೆ, ವ್ಯವಹಾರ ಎಲ್ಲವನ್ನೂ ನಿಲ್ಲಿಸಿದರೆ ಸಾಕು ಎಂಬುದು ಅದರ ಸಾರ. ಮೇಯೋ ಜನ ಅದನ್ನು ಬಾಯ್ಕಾಟನ ಮೇಲೆಯೇ ಪ್ರಯೋಗಿಸಿದರು. ಆಳುಗಳು ಕೆಲಸ ಬಿಟ್ಟರು. ಬ್ಯಾಲಿನ್‌ರೋಬ್‌ನ ಅಂಗಡಿಯವರು ಸಾಮಾನು ಕೊಡಲಿಲ್ಲ. ಬೆಳೆ ಹೊಲದಲ್ಲೇ ಉಳಿಯಿತು. ನವೆಂಬರಿನಲ್ಲಿ ಬೇರೆ ಕೌಂಟಿಗಳಿಂದ ಐವತ್ತು ಮಂದಿ ಕೊಯ್ಲಿಗೆ ಬಂದರು. ಅವರ ಕಾವಲಿಗೆ ಸುಮಾರು ಸಾವಿರ ಸೈನಿಕರು, ಪೊಲೀಸರು! ಸುಮಾರು 500 ಪೌಂಡಿನ ಬೆಳೆ ಉಳಿಸಲು ತಗುಲಿದ ವೆಚ್ಚ 10,000 ಪೌಂಡು ಎಂದು ಅಂದಾಜು. ಡಿಸೆಂಬರಿನ ಹೊತ್ತಿಗೆ ಬಾಯ್ಕಾಟ್ ಐರ್ಲೆಂಡ್ ಬಿಟ್ಟಿದ್ದ. 1881ರಲ್ಲಿ ನ್ಯಾಯವಾದ ಗೇಣಿ ನಿಗದಿಪಡಿಸುವ ಕಾನೂನು ಬಂತು.

ಈ ಕ್ರಮಕ್ಕೊಂದು ಹೆಸರು ಬೇಕಿತ್ತು. 'ಆಸ್ಟ್ರಸೈಸ್' ಎಂಬ ಗ್ರೀಕ್ ಮೂಲದ ಪದ ಹಳ್ಳಿಗರ ನಾಲಿಗೆಗೆ ಒಗ್ಗದು. ಆಗ ಸ್ಥಳೀಯ ಪಾದ್ರಿ ಜಾನ್ ಓಮ್ಯಾಲಿ, 'ಬಾಯ್ಕಾಟ್ ಮಾಡುವುದು' ಎಂದರೆ ಹೇಗೆ ಎಂದು ಸೂಚಿಸಿದರೆಂದು ಅಮೆರಿಕದ ಪತ್ರಕರ್ತ ಜೇಮ್ಸ್ ರೆಡ್‌ಪಾತ್ ದಾಖಲಿಸಿದ್ದಾನೆ. ಪದ ಬೇಗನೆ ಫ್ರೆಂಚ್, ಜರ್ಮನ್ ಭಾಷೆಗಳಿಗೂ ಹಬ್ಬಿತು. 1905ರ ಆಗಸ್ಟ್ 7ರಂದು ಕಲ್ಕತ್ತೆಯ ಟೌನ್ ಹಾಲಿನಲ್ಲಿ ವಿದೇಶಿ ವಸ್ತುಗಳ ವಿರುದ್ಧ ಕೈಗೊಂಡ ನಿರ್ಣಯಕ್ಕೂ ಇದೇ ಹೆಸರು.

ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶಗಳಿವೆ. ಈ ಪದ ಕ್ರಿಯಾಪದವೂ ಹೌದು, ನಾಮಪದವೂ ಹೌದು. ಕ್ರಿಯಾಪದವಾದಾಗ ಕರ್ಮಪದ ನೇರವಾಗಿ ಬರುತ್ತದೆ, ನಡುವೆ 'ಫ್ರಮ್' ಅಥವಾ 'ಟು' ಬೇಡ. ತಮ್ಮ ಕೆಲಸವನ್ನು ನಿಲ್ಲಿಸುವುದು 'ಸ್ಟ್ರೈಕ್'. ಒಬ್ಬರೊಡನೆ ಅಥವಾ ಒಂದು ವಸ್ತುವಿನೊಡನೆ ಸಂಬಂಧ ಕಡಿದುಕೊಳ್ಳುವುದು 'ಬಾಯ್ಕಾಟ್'.

ಕನ್ನಡದ 'ಬಹಿಷ್ಕಾರ' ಇದಕ್ಕಿಂತ ಹಳೆಯದು; ಅದರ ನೆನಪೂ ಬೇರೆ. ಮೇಯೋದಲ್ಲಿ ಬಡ ಒಕ್ಕಲುಗಳು ಬಲಶಾಲಿಯನ್ನು ದೂರವಿಟ್ಟರು. ನಮ್ಮ ಊರುಗಳಲ್ಲಿ ಬಲ್ಲಿದರೇ ಜಾತಿಯ ಹೆಸರಿನಲ್ಲಿ ಬಡವರನ್ನು ನೀರಿನಿಂದ, ಅಂಗಡಿಯಿಂದ ದೂರವಿಟ್ಟದ್ದುಂಟು. ಈ ಪದ ಕಂಡಾಗ ಕರ್ತೃ ಯಾರು, ಕರ್ಮ ಯಾರು ಎಂದು ಕೇಳುವುದು ಬರೀ ವ್ಯಾಕರಣದ ಪ್ರಶ್ನೆಯಲ್ಲ.