ಬಾಗಿಲಿಗೆ ಬಂದ ನರಿ

ನರಿಯ ವಿಷಯದಲ್ಲಿ ನಮ್ಮ ಹಿರಿಯರಿಗೆ ಎಷ್ಟು ಅವಿಶ್ವಾಸವಿದ್ದಿತೆಂಬುದನ್ನು ತಿಳಿಯಬೇಕಾದರೆ ಅಮರಕೋಶವನ್ನು ತೆರೆದರೆ ಸಾಕು. ವಂಚಕ, ಮೃಗಧೂರ್ತಕ, ಭೂರಿಮಾಯ ಎಂದು ಅದಕ್ಕೆ ಹೆಸರುಗಳು. ಅವುಗಳ ಜೊತೆಯಲ್ಲಿಯೇ ‘ಶಿವಾ’ ಎಂಬ ಮಂಗಳಕರವಾದ ಹೆಸರೂ ಒಂದು. ಈ ಹೆಸರುಗಳನ್ನು ಅನೇಕ ವರ್ಷಗಳ ಕಾಲ ಹುಡುಗರಿಂದ ಬಾಯಿಪಾಠ ಮಾಡಿಸಿದವನು ನಾನು. ಆದರೆ ಆ ಪ್ರಾಣಿಯ ವಿಚಾರವಾಗಿ ನಿಜವಾದ ಪಾಠವನ್ನು ಕಲಿತದ್ದು ನಿವೃತ್ತನಾದ ಮೇಲೆಯೇ. ಅದಕ್ಕೆ ತೆತ್ತ ಬೆಲೆಯೂ ಅಲ್ಪವಲ್ಲ.

ನನ್ನ ಬಾಲ್ಯವು ಲಿಂಗಸುಗೂರಿನಲ್ಲಿ ಕಳೆಯಿತು. ಆಗ ಊರ ಹೊರಗೆ ಜೋಳದ ಹೊಲಗಳು, ಅವುಗಳ ಆಚೆಗೆ ಕುರುಚಲು ಗುಡ್ಡಗಳು. ದೀಪ ಹಚ್ಚುವ ಹೊತ್ತಿಗೆ ನರಿಗಳು ಕೂಗುತ್ತಿದ್ದುವು. ಮನೆಯಲ್ಲಿ ಏನಾದರೂ ಲಾಭವಾದರೆ ನಮ್ಮ ಅಜ್ಜಿಯು, “ಇವತ್ತು ನರಿ ಮುಖ ನೋಡಿ ಎದ್ದೀರಿ” ಎನ್ನುವಳು. ಅದು ತನ್ನ ಮೇರೆಯಲ್ಲಿತ್ತು, ನಾವು ನಮ್ಮ ಮೇರೆಯಲ್ಲಿದ್ದೆವು.

ಈಗ ನಾನು ಸಿಂಧನೂರಿನ ಒಂದು ಹೊಸ ಬಡಾವಣೆಯ ಅಂಚಿನ ಮನೆಯಲ್ಲಿದ್ದೇನೆ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಯ ನೀರು ಹರಿದು ಬಂದ ಮೇಲೆ ಈ ಸೀಮೆಯ ರೂಪವೇ ಬದಲಾಯಿತು. ಎರೆಯ ಹೊಲಗಳು ಭತ್ತದ ಗದ್ದೆಗಳಾದುವು; ಊರು ಬೆಳೆಯಿತು; ಗದ್ದೆಗಳ ನಡುವೆಯೇ ಮನೆಗಳೆದ್ದುವು. ಭತ್ತವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ನರಿ. ಹೀಗಿರಲು ನರಿಯು ನಮ್ಮ ಬಾಗಿಲಿಗೆ ಬಂದಿತೆನ್ನುವುದಕ್ಕಿಂತ ನಾವೇ ಅದರ ಬಾಗಿಲಿಗೆ ಹೋಗಿ ಮನೆ ಕಟ್ಟಿದೆವೆನ್ನುವುದು ಸರಿಯಾದೀತು.

ನನ್ನ ಎಂಟು ವರ್ಷದ ಮೊಮ್ಮಗಳು ಒಂದು ನಾಯಿಮರಿಯನ್ನು ತಂದು ಸಾಕಿದ್ದಳು. ರಾತ್ರಿ ಅದನ್ನು ಪಡಸಾಲೆಯಲ್ಲಿ ಮಲಗಿಸಬೇಕೆಂದು ಅವಳ ಹಟ. ನನ್ನದು ಹಳೆಯ ಮಡಿವಂತಿಕೆಯ ಮನಸ್ಸು. ಮನೆ ಕಾಯುವುದೇ ನಾಯಿಯ ಸ್ವಧರ್ಮವೆಂದು ಅವಳಿಗೆ ಉಪದೇಶ ಮಾಡಿ, ಅಂಗಳದ ಬೇವಿನ ಮರಕ್ಕೆ ಮರಿಯನ್ನು ಸರಪಳಿಯಿಂದ ನಾನೇ ಕಟ್ಟಿದೆನು. ಮೂರು ತಿಂಗಳೂ ತುಂಬದ ಕೂಸು! ಅದರ ಮುಂದೆ ಉಳಿದ ಅನ್ನದ ತಟ್ಟೆಯನ್ನೂ ಬಿಟ್ಟಿದ್ದೆನು.

ಕಳೆದ ಚಳಿಗಾಲದ ಒಂದು ರಾತ್ರಿ ಮರಿಯು ಒಮ್ಮೆ ಕಿರುಚಿದ ಸದ್ದಾಯಿತು. ನಾನು ದೀಪ ಹಾಕಿ ಹೊರಗೆ ಬರುವಷ್ಟರಲ್ಲಿ ಎಲ್ಲವೂ ಮುಗಿದುಹೋಗಿತ್ತು. ಬೆಳಿಗ್ಗೆ ಮೊಮ್ಮಗಳು ಬಂದು ಸರಪಳಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಳು. ಅವಳು ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿದ್ದಿತು.

ದುಃಖವನ್ನು ಹೊರಲಾರದವನು ಕೋಪವನ್ನು ಹೊರುತ್ತಾನೆ. ನೆರೆಮನೆಯವರೊಬ್ಬರು, ಸತ್ತ ಕೋಳಿಯಲ್ಲಿ ವಿಷವನ್ನು ಬೆರೆಸಿ ಕಾಲುವೆಯ ಏರಿಯ ಮೇಲೆ ಇಟ್ಟರೆ ನರಿಗಳ ಪೀಡೆಯೇ ತೊಲಗುವುದೆಂದು ಸೂಚಿಸಿದರು. ಅಹಿಂಸೆಯ ವಿಷಯವಾಗಿ ಮಕ್ಕಳಿಂದ ಅದೆಷ್ಟೋ ಪ್ರಬಂಧಗಳನ್ನು ಬರೆಯಿಸಿದ ನಾನು, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆಗಲೆಂದು ತಲೆಯಾಡಿಸಿದೆನು.

ಆ ದಿನಗಳಲ್ಲಿ ಮಸ್ಕಿಯ ಕಡೆಯ ಕುರುಬನೊಬ್ಬನು ಗೊಬ್ಬರಕ್ಕಾಗಿ ನಮ್ಮ ಹಿಂದಿನ ಗದ್ದೆಯಲ್ಲಿ ಕುರಿಗಳನ್ನು ತರುಬಿದ್ದನು. ಅವನ ನಾಯಿಗಳು ವಿಷಕ್ಕೆ ಬಾಯಿ ಹಾಕಬಾರದೆಂದು ಎಚ್ಚರಿಸಲು ನಾನು ಹೋದೆನು. ಅವನು ನನ್ನೊಡನೆ ಅಂಗಳಕ್ಕೆ ಬಂದು, ಹೆಜ್ಜೆಗಳನ್ನು ನೋಡಿ ನರಿಯದೇ ಎಂದನು. ಬಳಿಕ ಸರಪಳಿಯನ್ನು ನೋಡಿದನು.

“ಮಾಸ್ತರ್ರ, ತಪ್ಪು ತಿಳೀಬ್ಯಾಡ್ರಿ. ಮರಿನ ಕಟ್ಟಿ ಹಾಕೀರಿ, ಮುಂದ ಕೂಳು ಇಟ್ಟೀರಿ. ನರಿ ಕೂಳಿಗೆ ಬಂದೈತಿ. ಮರಿ ಓಡಬೇಕಂದ್ರ ಎಲ್ಲಿಗೆ ಓಡಬೇಕ್ರಿ?”

ನಾನು ಸುಮ್ಮನೆ ನಿಂತೆನು.

“ನಿಮ್ಮ ಕುರಿಯನ್ನು ಎಂದೂ ಒಯ್ದಿಲ್ಲವೇನಪ್ಪಾ?” ಎಂದು ಕೇಳಿದೆನು.

“ಯಾಕ ಒಯ್ದಿಲ್ರಿ? ತೋಳ ಒಯ್ದೈತಿ. ಅದು ಅದರ ಪಾಲು ಅಂತೀವಿ. ಆದ್ರ ಕೈಯಾರೆ ಕೊಡಂಗಿಲ್ರಿ. ಮುಳ್ಳಿನ ಬೇಲಿ ಹಾಕ್ತೀವಿ, ಮರಿಗಳನ್ನ ನಡುವ ಮಲಗಿಸ್ತೀವಿ, ನಾಯಿನ ರಾತ್ರಿ ಬಿಟ್ಟಿರ್ತೀವಿ. ವಿಷ ಇಟ್ರ ನರಿ ಒಂದ ಸಾಯಂಗಿಲ್ರಿ. ನನ್ನ ನಾಯಿ ಸಾಯ್ತಾವ, ಹದ್ದು ಸಾಯ್ತಾವ.”

ನಾನು ನೆರೆಯವರಲ್ಲಿಗೆ ಹೋಗಿ ಆ ಕೆಲಸ ಬೇಡವೆಂದು ಹೇಳಿದೆನು. ಅವರು ಒಡನೆಯೇ ಒಪ್ಪಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯಿಂದ ನರಿಯೂ ತೋಳದಂತೆ ಮೊದಲನೆಯ ಅನುಸೂಚಿಯಲ್ಲಿ ಸೇರಿದೆ. ಅದನ್ನು ಕೊಂದವರಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸವುಂಟೆಂದು ವಿವರಿಸಿದ ಮೇಲೆ ಸುಮ್ಮನಾದರು. ಧರ್ಮವು ಒಪ್ಪಿಸಲಾರದುದನ್ನು ಕೆಲವೊಮ್ಮೆ ಕಾಯಿದೆಯು ಒಪ್ಪಿಸುತ್ತದೆ.

ಆಮೇಲೆ ಈ ವಿಷಯವನ್ನು ಓದಿ ತಿಳಿಯಲು ತೊಡಗಿದೆನು. ಅಮೆರಿಕದಲ್ಲಿ ನಮ್ಮ ನರಿಗೆ ದಾಯಾದಿಯಂತಿರುವ ಕೊಯೋಟಿ ಎಂಬ ಪ್ರಾಣಿಯು ಮಹಾನಗರಗಳ ಒಳಗೇ ಬಾಳುತ್ತಿದೆ. ಷಿಕಾಗೋ ನಗರದಲ್ಲಿ ವಿದ್ವಾಂಸರು 2000ದಿಂದ ಅವುಗಳ ಕೊರಳಿಗೆ ರೇಡಿಯೋ ಪಟ್ಟಿಗಳನ್ನು ಕಟ್ಟಿ ಅವುಗಳ ಜೀವನಕ್ರಮವನ್ನು ಪರಿಶೀಲಿಸುತ್ತಿದ್ದಾರೆ. ಅವುಗಳ ಮಲವನ್ನು ಪರೀಕ್ಷಿಸಿದಾಗ ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬಂದುದು ಇಲಿ ಹೆಗ್ಗಣಗಳ ಜಾತಿ. ಬೆಕ್ಕಿನ ಕುರುಹು ಕಂಡುದು ನೂರರಲ್ಲಿ ಎರಡಕ್ಕೂ ಕಡಿಮೆ. ನಮ್ಮ ನರಿಯ ಆಹಾರವೂ ಇಲಿ, ಏಡಿ, ಬಾರಿಹಣ್ಣು, ಸತ್ತ ಪ್ರಾಣಿ. ಭತ್ತದ ಒಕ್ಕಲಿಗನಿಗೆ ಅದು ಸಂಬಳವಿಲ್ಲದ ಸೇವಕ. ಅದನ್ನು ಗದ್ದೆಯಿಂದ ಮನೆಯ ಬಳಿಗೆ ಕರೆಯುವುದು ನಾವೇ ಎಸೆಯುವ ಕೋಳಿಯ ಕರುಳು, ಎಂಜಲು, ತಿಪ್ಪೆ.

ಆದುದರಿಂದ ಊರಂಚಿನಲ್ಲಿ ಮನೆ ಮಾಡಿರುವ ಗೃಹಸ್ಥರಲ್ಲಿ ನನ್ನದೊಂದು ವಿಜ್ಞಾಪನೆ. ಹೊತ್ತು ಮುಳುಗಿದ ಮೇಲೆ ನಾಯಿಮರಿ, ಬೆಕ್ಕು, ಕುರಿಮರಿಗಳನ್ನು ಒಳಗೆ ಸೇರಿಸಿರಿ. ಎಳೆಯ ಪ್ರಾಣಿಯನ್ನು ಬಯಲಿನಲ್ಲಿ ಕಟ್ಟಿ ಬಿಡಬೇಡಿರಿ. ಕೋಳಿಯ ಗೂಡಿಗೆ ತಂತಿಯ ಬಲೆಯನ್ನು ಹಾಕಿ, ಬಲೆಯ ಅಂಚನ್ನು ನೆಲದೊಳಗೆ ಒಂದು ಗೇಣಿಗೂ ಹೆಚ್ಚು ಹೂಳಿರಿ. ನರಿಯು ನೆಲ ಕೆದರುವುದರಲ್ಲಿ ನಿಪುಣ. ಕೂಳಿನ ತಟ್ಟೆಯನ್ನು ರಾತ್ರಿ ಹೊರಗಿಡಬೇಡಿರಿ. ಮಾಂಸದ ಕಸವನ್ನು ಕಾಲುವೆಗೆ ಎಸೆಯಬೇಡಿರಿ. ದಾರಿಯಲ್ಲಿ ನರಿಯು ಎದುರಾದರೆ ಓಡದೆ ನಿಂತು ಗದರಿಸಿರಿ. ಚಿಕ್ಕ ಮಕ್ಕಳನ್ನು ಎತ್ತಿಕೊಳ್ಳಿರಿ. ಸಾಕಿದ ನಾಯಿಗೆ ಮೂರು ತಿಂಗಳು ತುಂಬಿದೊಡನೆ ಹುಚ್ಚುನಾಯಿ ರೋಗದ ಲಸಿಕೆಯನ್ನು ಹಾಕಿಸಿ, ಪ್ರತಿ ವರ್ಷವೂ ಮುಂದುವರಿಸಿರಿ. ನರಿಗೂ ಆ ರೋಗ ತಗಲುವುದುಂಟು. ಮನುಷ್ಯರನ್ನು ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿಕೊಳ್ಳಬೇಕು. ರೋಗವು ತಲೆದೋರಿದ ಮೇಲೆ ಉಳಿಯುವುದು ಬಹು ದುರ್ಲಭ. ಅರಿಸಿನ, ಸುಣ್ಣ, ಮಂತ್ರಗಳನ್ನು ನಂಬಿ ಕಾಲ ಕಳೆಯಬಾರದು.

ಮಸ್ಕಿಯ ಬೆಟ್ಟದಲ್ಲಿ ಅಶೋಕನ ಶಿಲಾಶಾಸನವಿರುವುದನ್ನು ವಾಚಕರು ಬಲ್ಲರು. ಅದು ಬೆಳಕಿಗೆ ಬಂದುದು 1915ರಲ್ಲಿ. ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದು ಅದರಿಂದ ಸ್ಥಿರವಾಯಿತು. ಆ ಊರಿನ ಶಾಲೆಯಲ್ಲಿದ್ದಾಗ ನಾನು ವರ್ಷವರ್ಷವೂ ಹುಡುಗರನ್ನು ಅಲ್ಲಿಗೆ ಕರೆದೊಯ್ದು, ಧರ್ಮದ ಫಲವು ದೊಡ್ಡವರಿಗೆ ಮಾತ್ರ ದೊರೆಯುವುದೆಂದು ಎಣಿಸಬಾರದು, ಸಣ್ಣವನಿಗೂ ದೊರೆಯಬಲ್ಲದು ಎಂಬ ಅದರ ಅರ್ಥವನ್ನು ಹೇಳುತ್ತಿದ್ದೆನು. ಹೇಳುವಾಗ ನನ್ನನ್ನು ನಾನು ದೊಡ್ಡವರ ಸಾಲಿನಲ್ಲಿಯೇ ಎಣಿಸಿಕೊಂಡಿದ್ದೆನೆಂದು ಈಗ ತೋರುತ್ತದೆ. ಆ ಬೆಟ್ಟದ ನೆರಳಿನಲ್ಲಿ ಕುರಿ ಕಾಯುವವನು, ಶಾಸನವನ್ನು ಓದದೆಯೇ, ನನಗೆ ಅದರ ಅರ್ಥವನ್ನು ತಿಳಿಸಿದನು.

ಮಂದೆಯನ್ನು ಹೊರಡಿಸುವ ದಿನ ಅವನು ತನ್ನ ನಾಯಿಯ ಮರಿಯೊಂದನ್ನು ಮೊಮ್ಮಗಳಿಗೆ ಕೊಟ್ಟನು. ಅವಳು ಅದನ್ನು ಎದೆಗವಚಿಕೊಂಡು, “ಅಜ್ಜಾ, ಇದು ಎಲ್ಲಿ ಮಲಗಬೇಕು?” ಎಂದು ಕೇಳಿದಳು.

ಪಡಸಾಲೆಯ ಮೂಲೆಯಲ್ಲಿ ನನ್ನ ಹಳೆಯ ಕಂಬಳಿಯನ್ನು ನಾನೇ ಹಾಸಿದೆನು. ಈಗಲೂ ಕೆಲವು ರಾತ್ರಿಗಳಲ್ಲಿ ಕಾಲುವೆಯ ಆಚೆಯಿಂದ ನರಿಯ ಕೂಗು ಕೇಳಿಬರುತ್ತದೆ. ಮರಿಯು ಕಿವಿಯೆತ್ತಿ ಆಲಿಸಿ, ಮತ್ತೆ ಮುದುರಿಕೊಂಡು ಮಲಗುತ್ತದೆ. ನಾನು ಎದ್ದು, ಬಾಗಿಲಿನ ಅಗಳಿಯನ್ನು ಇನ್ನೊಮ್ಮೆ ಮುಟ್ಟಿ ನೋಡಿ ಬರುತ್ತೇನೆ.