ಸವೆದ ಬೀಗದ ಕೈ

ಹಳೆಯ ವಸ್ತುವಿನ ಮೇಲಿನ ಮಮತೆ ಮನುಷ್ಯನ ಕಣ್ಣಿಗೆ ತೆರೆಯೆಳೆಯುತ್ತದೆ. ಆಗ ದೋಷವೂ ಗುಣದಂತೆ ತೋರುತ್ತದೆ. ಈ ಮಾತನ್ನು ಮಠದಲ್ಲಿ ಓದುತ್ತಿದ್ದಾಗ ಅನೇಕ ಸಲ ಕೇಳಿದ್ದೆ. ಮುಂದೆ ನಾಲ್ಕು ಜನರಿಗೆ ಹೇಳಿಯೂ ಇದ್ದೆ. ಆದರೆ ಅದರ ಅರ್ಥ ನನಗೆ ಮನದಟ್ಟಾದದ್ದು ಅರವತ್ತು ದಾಟಿದ ಮೇಲೆ, ಬಸವೇಶ್ವರನಗರದ ನಮ್ಮ ಮನೆಯ ಮುಂದೆ ನಿಂತಿದ್ದ ಒಂದು ಹಳೆಯ ಜೀಪಿನಿಂದ.

ಆ ಜೀಪು ನನ್ನ ಅಣ್ಣನವರದು. ಮಾಗಡಿ ಸೀಮೆಯ ನಮ್ಮ ಹಳ್ಳಿಯಲ್ಲಿ ಅವರು ಬೇಸಾಯಕ್ಕೆ ನಿಂತದ್ದರಿಂದಲೇ ನಾನು ಎಳವೆಯಲ್ಲಿ ಮಠ ಸೇರಿ ನಾಲ್ಕಕ್ಷರ ಕಲಿಯುವುದು ಸಾಧ್ಯವಾಯಿತು. 1991ರಲ್ಲಿ ಅವರು ಮಹೀಂದ್ರ ಕಂಪನಿಯ ಡೀಸೆಲ್ ಜೀಪೊಂದನ್ನು ಕೊಂಡರು. ರೇಷ್ಮೆಗೂಡನ್ನು ರಾಮನಗರದ ಮಾರುಕಟ್ಟೆಗೆ ಒಯ್ದದ್ದು, ಬಾಣಂತಿಯರನ್ನು ಆಸ್ಪತ್ರೆಗೆ ಮುಟ್ಟಿಸಿದ್ದು, ಮಳೆಗಾಲದ ಕೆಸರಿನಲ್ಲಿ ಊರಿನವರ ಎತ್ತಿನ ಗಾಡಿಗಳನ್ನು ಎಳೆದು ದಡ ಸೇರಿಸಿದ್ದು ಎಲ್ಲವೂ ಅದೇ ಜೀಪು. ಅಣ್ಣನವರು 2018ರಲ್ಲಿ ಲಿಂಗೈಕ್ಯರಾದರು. ಕಾರ್ಯಗಳೆಲ್ಲ ಮುಗಿದ ಮೇಲೆ ಅತ್ತಿಗೆ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು, “ನಿಮ್ಮಣ್ಣನ ಕೈಯಾಡಿದ್ದು, ನೀನೇ ಇಟ್ಕೊಳ್ಳಪ್ಪ” ಎಂದರು. ಆ ಹಿತ್ತಾಳೆಯ ಕೈ ಸವೆದು ನುಣುಪಾಗಿ, ಅಂಚುಗಳೆಲ್ಲ ಕರಗಿ ಹೋಗಿದ್ದವು. ನನಗದು ಅಣ್ಣನವರ ಬೆರಳೇ ಆಗಿತ್ತು.

ಜೀಪಿನ ವಂಶ ಹಳೆಯದು. ಎರಡನೆಯ ಮಹಾಯುದ್ಧಕ್ಕಾಗಿ 1941ರಿಂದ ಅಮೆರಿಕದ ವಿಲ್ಲೀಸ್ ಕಂಪನಿ ತಯಾರಿಸಿದ ಬಂಡಿಯಿಂದ ಅದು ಇಳಿದು ಬಂದಿದೆ. ನಮ್ಮ ದೇಶದಲ್ಲಿ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ಅದರ ಜೋಡಣೆಯನ್ನು ಆರಂಭಿಸಿತು. ಯುದ್ಧಕಾಲದ ಜೀಪುಗಳಿಗೆ ಮೊದಮೊದಲು ಬೀಗದ ಕೈ ಇತ್ತಂತೆ. ರಣರಂಗದಲ್ಲಿ ಕೈ ಕಳೆದರೆ ಬಂಡಿಯೇ ನಿಂತುಹೋಗುವುದೆಂದು ಆಮೇಲೆ ಅದನ್ನು ತೆಗೆದು, ಬರಿಯ ಬೆರಳಿನಿಂದ ತಿರುಗಿಸುವ ಹಿಡಿಕೆಯನ್ನು ಇಟ್ಟರು. ಸೆಲ್ಫ್ ಹೊಡೆಯುವುದು ಕಾಲಿನಿಂದ ಒತ್ತುವ ಗುಂಡಿಯಿಂದ. ಶತ್ರುವಿನ ಮುಂದೆ ಹುಡುಕುತ್ತ ಕೂರಲಾದೀತೆ? ಆದರೆ ರಣರಂಗಕ್ಕೆ ಸಲ್ಲುವುದು ಮಕ್ಕಳು ಆಡುವ ಬೀದಿಗೆ ಸಲ್ಲದು.

ನಮ್ಮ ಜೀಪಿನ ಬೀಗವೂ ಸವೆದು ಸವೆದು ಕಡೆಗೆ ಆ ಯುದ್ಧದ ಜೀಪಿನ ಸ್ಥಿತಿಗೇ ಬಂದಿತ್ತು. ಎಂಜಿನ್ ಓಡುತ್ತಿರುವಾಗಲೇ ಕೈಯನ್ನು ಹೊರಗೆ ಎಳೆಯಬಹುದಿತ್ತು. ಯಾವ ಕೈ ಹಾಕಿದರೂ ತಿರುಗುತ್ತಿತ್ತು. ನಾನು ಇದನ್ನೊಂದು ವಿನೋದವೆಂಬಂತೆ ಬಂದವರಿಗೆಲ್ಲ ತೋರಿಸುತ್ತಿದ್ದೆ. “ನೋಡಿ, ಇದು ಯಾರನ್ನೂ ಹೊರಗಿಡುವುದಿಲ್ಲ” ಎಂದು ನಗುತ್ತಿದ್ದೆ. ಮನೆಯವರು ಮಾತ್ರ, “ರೀ, ಮೊದಲು ಅದನ್ನ ಬದಲಾಯಿಸಿ, ಇವತ್ತಲ್ಲ ನಾಳೆ ಏನಾದರೂ ಆದೀತು” ಎಂದು ಮೂರು ಸಲ ಹೇಳಿದ್ದರು. ಅಣ್ಣನವರ ಬೀಗವನ್ನು ಕಿತ್ತು ಎಸೆಯುವುದೆ ಎಂದು ನಾನು ಸುಮ್ಮನಿದ್ದೆ.

ಬೇಸಗೆಯ ರಜೆಗೆ ಏಳು ವರ್ಷದ ಮೊಮ್ಮಗ ಬಂದಿದ್ದ. ಒಂದು ಬೆಳಗ್ಗೆ ನಾನು ಪೂಜೆ ಮುಗಿಸಿ ಏಳುವಷ್ಟರಲ್ಲಿ ಹೊರಗೆ ಘರ್ ಘರ್ ಎಂದು ಸೆಲ್ಫ್ ಹೊಡೆದ ಸದ್ದು ಕೇಳಿತು. ಓಡಿದೆ. ಹುಡುಗ ಬೀರುವಿನ ಬೀಗದ ಕೈಯನ್ನು ತಂದು ಜೀಪಿಗೆ ಹಾಕಿ ತಿರುಗಿಸಿದ್ದ. ರಸ್ತೆ ಇಳಿಜಾರೆಂದು ನಾನು ಜೀಪನ್ನು ಗೇರಿನಲ್ಲಿ ನಿಲ್ಲಿಸಿದ್ದೆ. ಗೇರಿನಲ್ಲಿದ್ದಾಗ ಕ್ಲಚ್ ಒತ್ತದೆ ಸೆಲ್ಫ್ ಹೊಡೆದರೆ ಆ ಪುಟ್ಟ ಮೋಟರೇ ಇಡೀ ಗಾಡಿಯನ್ನು ಮುಂದಕ್ಕೆ ನೂಕುತ್ತದೆ. ಜೀಪು ಎರಡು ಸಲ ಜಗ್ಗಿ ಮುಂದೆ ನೆಗೆದಿತ್ತು. ಹುಡುಗ ಹೆದರಿ ಕೈ ಬಿಟ್ಟದ್ದರಿಂದ ನಿಂತಿತ್ತು. ಪಕ್ಕದ ಮನೆಯ ಹಿರಿಯ ಮಹಿಳೆ ತಮ್ಮ ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದವರು ಬದಿಗೆ ಹಾರಿ ಗೋಡೆಗೆ ಒರಗಿದ್ದರು. ಮುಂದಿನ ಚಕ್ರ ಅವರ ರಂಗೋಲಿಯ ಮೇಲೆ ನಿಂತಿತ್ತು.

ಎಂಜಿನ್ ತಣ್ಣಗಿದ್ದು, ಹೀಟರ್ ಕಾಯದೆ ಹತ್ತಿಕೊಳ್ಳಲಿಲ್ಲವೆಂಬುದೇ ಪುಣ್ಯ. ಹತ್ತಿಕೊಂಡಿದ್ದರೆ ಬೀಗದ ಕೈಯನ್ನು ಕಿತ್ತರೂ ಅದು ನಿಲ್ಲುತ್ತಿರಲಿಲ್ಲ. ಇಂಥ ಹಳೆಯ ಡೀಸೆಲ್ ಜೀಪಿನಲ್ಲಿ ಎಂಜಿನ್ ನಿಲ್ಲಬೇಕಾದರೆ ಡೀಸೆಲ್ಲನ್ನು ತಡೆಯುವ ಗುಂಡಿಯನ್ನು ಬೇರೆಯಾಗಿ ಎಳೆಯಬೇಕು. ಅದು ಮಗುವಿಗೆ ಹೇಗೆ ತಿಳಿದೀತು? ನನ್ನ ಕಾಲುಗಳು ನಡುಗುತ್ತಿದ್ದವು. ಆ ತಾಯಿ ಬೈಯಲಿಲ್ಲ. “ಮೇಷ್ಟ್ರೇ, ಮಗೂಗೆ ಏನೂ ಆಗಲಿಲ್ಲ ತಾನೇ?” ಎಂದು ಕೇಳಿದರು. ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಅಂದೇ ಮಾಗಡಿ ರಸ್ತೆಗೆ ಹೋಗಿ, ಕಾಮಾಕ್ಷಿಪಾಳ್ಯದ ಗ್ಯಾರೇಜಿನಿಂದ ಪರಿಚಯದ ಹಿರಿಯ ಮಿಸ್ತ್ರಿಯೊಬ್ಬರನ್ನು ಮನೆಗೇ ಕರೆತಂದೆ. ಅವರು ಕೈಯನ್ನು ಬೆಳಕಿಗೆ ಹಿಡಿದು ನೋಡಿದರು. ಆಗಲೂ ನನ್ನ ಮೋಹ ಹೋಗಿರಲಿಲ್ಲ. “ಬೀಗ ಇದೇ ಇರಲಿ, ಇದನ್ನು ನೋಡಿಕೊಂಡು ಹೊಸ ಕೈ ಮಾಡಿಸಿದರಾಗದೆ?” ಎಂದು ಕೇಳಿದೆ. ಅವರು ನಕ್ಕು, “ಸವೆದಿರೋ ಕೈ ನೋಡ್ಕೊಂಡು ಕೊರೆದರೆ ಸವೆತಾನೇ ಕೊರೆದಂಗಾಯ್ತಲ್ಲ ಮೇಷ್ಟ್ರೇ” ಎಂದರು.

ನಾನು ಮೌನಿಯಾದೆ. ಮಠದಲ್ಲಿ ತಾಳೆಗರಿಗಳನ್ನು ಓದಲು ಕಲಿಸಿದ ಗುರುಗಳು ನಮಗೆ ಹೇಳುತ್ತಿದ್ದುದೂ ಇದೇ. ಒಂದು ಓಲೆಯಲ್ಲಿ ಅಕ್ಷರ ಅಳಿಸಿದ್ದರೆ ಲಿಪಿಕಾರ ತನಗೆ ತೋರಿದಂತೆ ಬರೆಯುತ್ತಾನೆ. ಆ ಪ್ರತಿಯನ್ನು ನೋಡಿ ಬರೆದವನು ಆ ತಪ್ಪನ್ನೂ ಬರೆದು ತನ್ನದೊಂದನ್ನು ಸೇರಿಸುತ್ತಾನೆ. ಆದ್ದರಿಂದ ಪ್ರತಿಯ ಪ್ರತಿಯನ್ನು ನಂಬಬೇಡಿ, ಮೂಲಕ್ಕೆ ಹತ್ತಿರವಾದದ್ದನ್ನು ಹುಡುಕಿ ಎನ್ನುತ್ತಿದ್ದರು. ಓಲೆಯ ವಿಷಯದಲ್ಲಿ ನಲವತ್ತು ವರ್ಷ ಪಾಲಿಸಿದ ವಿವೇಕ, ಬೀಗದ ವಿಷಯದಲ್ಲಿ ನನಗೆ ಹೊಳೆದಿರಲಿಲ್ಲ.

ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಿಂದ ಅದೇ ಜೀಪಿಗೆ ಹೊಂದುವ ಬೀಗ, ಸ್ವಿಚ್ಚು, ಎರಡು ಕೈಗಳ ಜೋಡಿಯನ್ನು ತಂದೆವು. ಮಿಸ್ತ್ರಿ ಮೊದಲು ಬ್ಯಾಟರಿಯ ಮೈನಸ್ ತಂತಿಯನ್ನು ಬಿಚ್ಚಿದರು. ಗಾಡಿಯ ಕಬ್ಬಿಣದ ಮೈಯೆಲ್ಲ ಮೈನಸ್ಸಿಗೆ ಸೇರಿರುವುದರಿಂದ, ಮೊದಲು ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಎಲ್ಲಾದರೂ ತಗುಲಿದರೆ ಕಿಡಿ ಹಾರುತ್ತದೆ. ಆಮೇಲೆ ಡ್ಯಾಶ್‌ಬೋರ್ಡಿನ ಮುಂದಿನ ನಟ್ಟನ್ನು ಬಿಚ್ಚಿ, ಸ್ವಿಚ್ಚನ್ನು ಹಿಂದಿನಿಂದ ಹೊರಗೆಳೆದರು. ಒಂದೊಂದು ತಂತಿಗೂ ಚೀಟಿ ಕಟ್ಟಿ ಗುರುತು ಮಾಡಿದ ಹೊರತು ಅದನ್ನು ಬಿಚ್ಚಲಿಲ್ಲ. ಬ್ಯಾಟರಿಯಿಂದ ಬರುವುದು ಒಂದು, ಮೀಟರು ದೀಪಗಳಿಗೆ ಹೋಗುವುದು ಒಂದು, ಸೆಲ್ಫಿಗೆ ಹೋಗುವುದು ಇನ್ನೊಂದು. ಇವು ಅದಲುಬದಲಾದರೆ ಹೊಸ ಬೀಗವೂ ವ್ಯರ್ಥ.

ಹಳೆಯ ಬೀಗವನ್ನು ಅವರು ನನ್ನೆದುರಿಗೇ ಬಿಡಿಸಿದರು. ಒಳಗೆ ಸಣ್ಣ ಸ್ಪ್ರಿಂಗುಗಳ ಮೇಲೆ ಕುಳಿತ ತೆಳುವಾದ ಹಿತ್ತಾಳೆಯ ಬಿಲ್ಲೆಗಳು. ಸರಿಯಾದ ಕೈ ಒಳಹೊಕ್ಕಾಗ ಅದರ ಹಲ್ಲುಗಳು ಬಿಲ್ಲೆಗಳನ್ನೆಲ್ಲ ಒಂದೇ ಮಟ್ಟಕ್ಕೆ ತರುತ್ತವೆ. ಆಗ ಮಾತ್ರ ನಡುವಿನ ಉರುಳೆ ತಿರುಗುತ್ತದೆ. ನಮ್ಮ ಬೀಗದ ಬಿಲ್ಲೆಗಳು ಸವೆದು ತಡೆಯುವ ಶಕ್ತಿಯನ್ನೇ ಕಳೆದುಕೊಂಡಿದ್ದವು. ಸುತ್ತಲೂ ಕಪ್ಪನೆಯ ಅಂಟು. “ಎಣ್ಣೆ ಬಿಡ್ತಿದ್ರಾ?” ಎಂದು ಕೇಳಿದರು. ಬಿಗಿಯಾದಾಗಲೆಲ್ಲ ಎರಡು ಹನಿ ಕೊಬ್ಬರಿ ಎಣ್ಣೆ ಬಿಡುತ್ತಿದ್ದುದನ್ನು ಒಪ್ಪಿಕೊಂಡೆ. ಎಣ್ಣೆಗೆ ಧೂಳು ಅಂಟಿ ಅದೇ ಅರದಂತೆ ಹಿತ್ತಾಳೆಯನ್ನು ತಿನ್ನುತ್ತದೆ. ಬೀಗಕ್ಕೆ ಒಣಗಿದ ಗ್ರಾಫೈಟ್ ಪುಡಿಯೇ ಹಿತವೆಂದು ತಿಳಿಸಿದರು. ಅಕ್ಕರೆಯಿಂದ ಮಾಡಿದ ಉಪಚಾರವೇ ಸವೆತಕ್ಕೆ ಕಾರಣವಾಗಿತ್ತು.

ಇದು ಹಳೆಯ ಜೀಪಿನ ಮಾತಷ್ಟೇ ಎಂದು ಯಾರೂ ಭಾವಿಸಬಾರದು. 2014ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪನಿ ಇಗ್ನಿಷನ್ ಸ್ವಿಚ್ಚಿನ ದೋಷಕ್ಕಾಗಿ ಸುಮಾರು 26 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿತು. ಸ್ವಿಚ್ಚಿನ ಹಿಡಿತ ಸಡಿಲವಾಗಿ, ಭಾರದ ಗೊಂಚಲಿನ ಎಳೆತಕ್ಕೋ ರಸ್ತೆಯ ಕುಲುಕಾಟಕ್ಕೋ ಕೈ ತಾನೇ ಜಾರಿ ಎಂಜಿನ್ ನಿಂತುಹೋಗುತ್ತಿತ್ತು. ಅಪಘಾತದಲ್ಲಿ ಕಾಪಾಡಬೇಕಾದ ಗಾಳಿಚೀಲಗಳೂ ಬಿಚ್ಚಿಕೊಳ್ಳುತ್ತಿರಲಿಲ್ಲ. ಅದಕ್ಕೆ ಸಂಬಂಧಿಸಿದ 124 ಸಾವುಗಳಿಗೆ ಪರಿಹಾರ ಕೊಡಲಾಯಿತು.

ಹೊಸ ಬೀಗ ಕೂತಿತು. ಬ್ಯಾಟರಿಯ ತಂತಿ ಕಟ್ಟಿ, ಗೇರನ್ನು ನ್ಯೂಟ್ರಲ್ಲಿಗೆ ತಂದು, ಮಿಸ್ತ್ರಿ ಕೈ ತಿರುಗಿಸಿದರು. ದೀಪಗಳು ಹತ್ತಿದವು, ಹೀಟರ್ ಕಾಯಿತು, ಎಂಜಿನ್ ಹತ್ತಿಕೊಂಡೊಡನೆ ಕೈ ತಾನಾಗಿ ಹಿಂದಿನ ಸ್ಥಾನಕ್ಕೆ ಮರಳಿತು. ಹಾಗೆ ಮರಳದಿದ್ದರೆ ಸೆಲ್ಫ್ ಮೋಟರ್ ಸುಟ್ಟುಹೋಗುತ್ತದಂತೆ. ಸಡಿಲಾಗಿದ್ದ ಹ್ಯಾಂಡ್ ಬ್ರೇಕನ್ನೂ ಬಿಗಿ ಮಾಡಿದರು. ಎಂಜಿನ್ ನಿಲ್ಲಿಸಿದ ಮೇಲೆ ನಾನು ಅಣ್ಣನವರ ಹಳೆಯ ಕೈಯನ್ನು ಹೊಸ ಬೀಗಕ್ಕೆ ಹಾಕಿ ನೋಡಿದೆ. ತಿರುಗಲಿಲ್ಲ. ಕ್ಷಣಕಾಲ ಕಣ್ಣು ತುಂಬಿ ಬಂದರೂ ಮನಸ್ಸಿಗೆ ನೆಮ್ಮದಿಯಾಯಿತು. ಇಳಿಜಾರಿನಲ್ಲಿ ಮಗುವನ್ನು ಕೂರಿಸಿಕೊಂಡರೆ ಚಕ್ರಕ್ಕೆ ಕಲ್ಲು ಕೊಡದೆ ಎದ್ದು ಹೋಗದವರು ನನ್ನ ಅಣ್ಣ. ಆ ಬೀಗದ ಸ್ಥಿತಿಯನ್ನು ಕಂಡಿದ್ದರೆ ನನಗೇ ಗದರುತ್ತಿದ್ದರು.

ಸಂಜೆ ಮೊಮ್ಮಗನ ಕೈಹಿಡಿದು ಪಕ್ಕದ ಮನೆಗೆ ಹೋದೆ. “ತಪ್ಪು ಇವನದಲ್ಲ ತಾಯಿ, ನನ್ನದು” ಎಂದು ಹೇಳಿ ಕ್ಷಮೆ ಕೇಳಿದೆ. ಅವರು ಹುಡುಗನಿಗೆ ಒಂದು ಬಾಳೆಹಣ್ಣು ಕೊಟ್ಟು, “ನಾಳೆ ನೀನೇ ಬಂದು ರಂಗೋಲಿಗೆ ಚುಕ್ಕಿ ಇಡು” ಎಂದರು. ಅವನು ಹಾಗೆಯೇ ಮಾಡಿದ.

ಮನೆಯಲ್ಲಿ ಹಳೆಯ ವಾಹನವಿರುವ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಎಂಜಿನ್ ಓಡುತ್ತಿರುವಾಗ ಕೈ ಹೊರಬರುತ್ತದೆಯೇ, ಬೇರೆ ಕೈಗೆ ಬೀಗ ತಿರುಗುತ್ತದೆಯೇ ಎಂದು ನಿಂತ ಗಾಡಿಯಲ್ಲಿ ಒಮ್ಮೆ ಪರೀಕ್ಷಿಸಿ. ಮನೆಯ ಕೈಗಳನ್ನೆಲ್ಲ ಗಾಡಿಯ ಕೈಗೆ ಗೊಂಚಲು ಮಾಡಿ ತೂಗಿಸಬೇಡಿ. ಹಿರಿಯರ ನೆನಪನ್ನು ಇಟ್ಟುಕೊಳ್ಳಲು ಬೇರೆ ಸ್ಥಳಗಳಿವೆ. ಅಣ್ಣನವರ ಬೀಗದ ಕೈ ಈಗ ಅವರ ಭಾವಚಿತ್ರದ ಕೆಳಗಿನ ಮೊಳೆಯಲ್ಲಿದೆ.